ಹೊತ್ತು ಮುಳುಗಿದ ಮೇಲೆ

ಗದಗಿನ ಎಲ್ಲ ತಾಯಂದಿರಂತೆ ನೀಲವ್ವನೂ ಮಗಳ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡೇ ಶಾಲೆಗೆ ಸೇರಿಸುವ ಮುಂಚಿನ ನೆನಪಿನ ಪರೀಕ್ಷೆಗೆ ಬಂದಿದ್ದಳು. ಪರೀಕ್ಷೆಯೆಂದರೆ ಪರದೆಯ ಮೇಲಿನ ಒಂದು ಆಟ. ಆಟ ಗೆದ್ದ ಮಕ್ಕಳು ಓಣಿಯ ಶಾಲೆಗೆ, ಸೋತವರು ಅಲ್ಲಿಂದಲೇ ದೂರದ ಹಾಸ್ಟೆಲ್ಲಿಗೆ.

ಮಾತು ಬಹಳ ತಡವಾಗಿ ಬಂದ ಮಗಳು ಸಂಪದಾ ಪರದೆಯ ಮುಂದೆ ಕೂತಿದ್ದಳು. ಮೊದಲು ತೋರಿಸಿದ ಹೂಗಳನ್ನು ನೆನಪಿಟ್ಟು, ತೋಟದಲ್ಲಿ ಅವನ್ನೇ ಹುಡುಕಿ ಕೀಳಬೇಕು. ಹುಡುಗಿ ಒಂದೂ ತಪ್ಪದೆ ಕೀಳುತ್ತಿದ್ದಳು. ಅಷ್ಟರಲ್ಲಿ ಆಟದೊಳಗೆ ಸೂರ್ಯ ಮುಳುಗಿ ತೋಟ ಮಬ್ಬಾಯಿತು. ಸಂಪದಾ ಕೈ ಹಿಂದಕ್ಕೆಳೆದುಕೊಂಡಳು.

ಸಮಯ ತೋರಿಸುವ ಕೆಂಪು ಪಟ್ಟಿ ಕರಗತೊಡಗಿತು. ಪಕ್ಕದಲ್ಲಿ ಕೂತ ತಾಯಿ ಬಾಯಿ ಬಿಟ್ಟರೆ ಆಟವೇ ರದ್ದು. ನೀಲವ್ವ ಸೆರಗು ಕಚ್ಚಿಕೊಂಡು, ಕೀಳು ಕೀಳು ಎಂದು ಕಣ್ಣಲ್ಲೇ ಬೇಡಿದಳು.

ಮಗಳು ಒಲ್ಲೆನೆಂದು ತಲೆಯಾಡಿಸಿದಳು. "ಹೊತ್ತು ಮುಳುಗೇತವ್ವ. ಗಿಡಾ ಮಲ್ಕೊಂಡಾವು. ಈಗ ಹೂವು ಹರೀಬಾರ್ದು ಅಂತ ನೀನ ಹೇಳಿದ್ದಿ," ಎಂದಳು, ಗಿಡಗಳಿಗೆ ಎಚ್ಚರವಾದೀತೇನೋ ಎಂಬಷ್ಟು ಮೆಲ್ಲಗೆ.

ನೀಲವ್ವ ಅದನ್ನು ಹೇಳಿದ್ದು ಒಂದೇ ಸಲ. ಆಗ ಸಂಪದಾ ಕಂಕುಳಲ್ಲಿದ್ದ ಕೂಸು, ಇನ್ನೂ ಅವ್ವ ಎಂದೂ ಅಂದಿರಲಿಲ್ಲ.

ಕೆಂಪು ಪಟ್ಟಿ ಮುಗಿಯಿತು. ಪರದೆಯ ಮೇಲೆ ಫಲಿತಾಂಶ ಮೂಡಿತು: ಮಗುವಿಗೆ ನೆನಪಿನ ಶಕ್ತಿ ಇಲ್ಲ.