ಮೇ ತಿಂಗಳ ನಡಿಗೆ

"ನಮ್ಮವ್ವ ಕೆರಿಯಾಗ ಇಳದಾಳ್ರಿ!" ಫೋನಿನಲ್ಲಿ ಸಿದ್ದರಾಯ ಕಿರುಚಿದ. "ಮಮದಾಪುರ ಕೆರಿ ದಂಡಿ ಮ್ಯಾಲ ನಿಂತೀನಿ. ಮೊಬೈಲಿನ್ಯಾಗ ಚುಕ್ಕಿ ನೀರಾಗ ಹೊಂಟೈತಿ, ಕಣ್ಣಿಗೆ ಆಕಿ ಕಾಣವಲ್ಲಳು. ನೀವು ಕೊಟ್ಟ ಬಿಲ್ಲಿ ಖರೇ ಹೇಳ್ತೈತಿಲ್ರಿ?"

"ಖರೇನ ಹೇಳ್ತೈತ್ರಿ," ಎಂದಳು ನಿರ್ಮಲಾ. ಫೋನು ಕಟ್ಟಾಯಿತು.

ಸಿದ್ದರಾಯನ ತಾಯಿ ರಾಚವ್ವ ಈಚೆಗೆ ದಾರಿ ಮರೆಯುತ್ತಿದ್ದಳು. ಅವಳೆಲ್ಲಿದ್ದಾಳೆಂದು ಮಗನ ಮೊಬೈಲಿಗೆ ತಿಳಿಸುವ ಬಿಲ್ಲೆಯನ್ನು ನಿರ್ಮಲಾ ಇಬ್ರಾಹಿಂಪುರದ ಈ ತಗಡಿನ ಶೆಡ್ಡಿನಲ್ಲೇ ತಯಾರಿಸಿ ಕೊಟ್ಟಿದ್ದಳು. ಬೆಳಿಗ್ಗೆ ಮನೆ ಬಿಟ್ಟ ಮುದುಕಿ ಇನ್ನೂ ಮರಳಿರಲಿಲ್ಲ.

ನಿರ್ಮಲಾ ಕಂಪ್ಯೂಟರಿನಲ್ಲಿ ಆ ಚುಕ್ಕಿಯನ್ನು ತೆರೆದಳು. ಅದು ಏರಿಯಿಂದ ಇಳಿದು, ತೂಬಿನ ಹತ್ತಿರ ತುಸು ನಿಂತು, ಕೆರೆಯ ನಡುವಿಗೆ ತಿರುಗಿತು. ಕೆಳಗೆ ಯಾರೂ ನೋಡದಷ್ಟು ಸಣ್ಣ ಅಕ್ಷರದಲ್ಲಿ ತಾರೀಖಿತ್ತು: ಮೇ ೧೨.

ಅದು ನಿರ್ಮಲಾಳದೇ ನಡಿಗೆ. ಮೇ ತಿಂಗಳಲ್ಲಿ ಕೆರೆ ಬತ್ತಿದ್ದಾಗ ಯಂತ್ರ ಹೊತ್ತು ಆ ಬಿರುಕು ನೆಲದ ಮೇಲೆ ಅಡ್ಡಾಡಿ, ಉಪಗ್ರಹಗಳ ಸಂಕೇತವನ್ನು ಹಿಡಿದಿಟ್ಟು ತಂದಿದ್ದಳು. ಅದನ್ನೇ ಶೆಡ್ಡಿನೊಳಗೆ ಮತ್ತೆ ಬಿಟ್ಟರೆ, ಮೇಜಿನ ಮೇಲಿನ ಬಿಲ್ಲೆ ತಾನು ಕೆರೆಯಲ್ಲೇ ನಡೆಯುತ್ತಿದ್ದೇನೆ ಎಂದು ನಂಬುತ್ತದೆ. ಕೂತಲ್ಲೇ ಪರೀಕ್ಷೆ ಮುಗಿಯುತ್ತದೆ. ಸಂಕೇತ ಹೊರಗೆ ಸೋರದಂತೆ ಅದಕ್ಕೊಂದು ಕಬ್ಬಿಣದ ಪೆಟ್ಟಿಗೆಯೂ ಇದೆ. ಇವತ್ತೂ ಅದೇ ಪರೀಕ್ಷೆ ನಡೆದಿತ್ತು; ಸೆಕೆಯ ನೆಪದಲ್ಲಿ ಅವಳೇ ಪೆಟ್ಟಿಗೆಯ ಮುಚ್ಚಳ ಹಾಕಿರಲಿಲ್ಲ.

ಸೋರಿದರೂ ಹತ್ತು ಮಾರು ದಾಟುವುದಿಲ್ಲ. ಹಾಗಾದರೆ ಮುದುಕಿ ಇಲ್ಲೇ ಇರಬೇಕು! ಯಂತ್ರ ಆರಿಸಿ ಹೊರಗೆ ಓಡಿದಳು.

ಶೆಡ್ಡಿನ ಚಪ್ಪರದಡಿ, ಕಟ್ಟೆಯ ಮೇಲೆ ರಾಚವ್ವ ಕಾಲು ಒತ್ತಿಕೊಳ್ಳುತ್ತ ಕೂತಿದ್ದಳು. "ಬಸ್ ಹತ್ತಿ ಬಂದೀನಿ ತಂಗಿ. ಮಗ ಕುರಿಗೆ ಕಟ್ಟಿದಂಗ ಕೊಳ್ಳಾಗ ಇದನ್ನ ಕಟ್ಯಾನ. ನಿನಗ ವಾಪಸ್ ಕೊಟ್ಟು ಹೋಗ್ತೀನಿ. ನೀ ಕೆಲಸದಾಗಿದ್ದಿ ಅಂತ ಇಲ್ಲೇ ಕುಂತೀನಿ."

ನಿರ್ಮಲಾ ಸಿದ್ದರಾಯನಿಗೆ ಫೋನು ಹಚ್ಚಿದಳು. ಎತ್ತಿದವನು ಬೇರೆ.

"ನಾ ಯಲಗೂರಪ್ಪರಿ, ಬಾಜೂ ಮನಿಯಾವ. ಸಿದ್ದರಾಯ ಮೊಬೈಲ್ ನನ್ನ ಕೈಯಾಗ ಕೊಟ್ಟು ನೀರಿಗೆ ಜಿಗದಾನ. ಚುಕ್ಕಿ ನೋಡಿ ನಾ ದಿಕ್ಕು ಹೇಳಾಕತ್ತೇನಿ. ಈಗ ನಟ್ಟನಡುವ ನಿಂತ ಬಿಟ್ಟೈತ್ರಿ. ಅಲ್ಲೇ ಮುಳುಗಿ ಹುಡುಕಾಕತ್ತಾನ."

ಅದು ನಿಂತದ್ದು ಯಂತ್ರ ಆರಿಸಿದ್ದಕ್ಕೆ.

"ಕರೀರಿ ಅವನ! ಅವ್ವ ನನ್ನ ಮುಂದ ಕುಂತಾಳ!"

ಯಲಗೂರಪ್ಪ ಕೂಗಿದ. ಮತ್ತೆ ಕೂಗಿದ. "ತಲಿ ಕಾಣವಲ್ದರಿ," ಎಂದ. ರಾಚವ್ವ ಎದ್ದು ಬಂದು ಫೋನಿಗೆ ಕಿವಿ ಹಚ್ಚಿದಳು.

"ಬಂದನ್ರಿ... ಮ್ಯಾಲ ಬಂದಾನ! ಏ ಸಿದ್ಯಾ, ಅವ್ವ ಸಿಕ್ಕಾಳೋ, ದಂಡಿಗೆ ಬಾ!"

ನಿರ್ಮಲಾ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು. ರಾಚವ್ವ ಕೊರಳಿನ ದಾರ ಬಿಚ್ಚಿ, ಬಿಲ್ಲೆಯನ್ನು ಅವಳ ಮಡಿಲಿಗೆ ಹಾಕಿದಳು.

"ಇದನ್ನ ಅವನ ಕೊಳ್ಳಿಗೆ ಕಟ್ಟು ತಂಗಿ. ನಾ ನೆಟ್ಟಗ ಬಂದೀನಿ. ದಾರಿ ತಪ್ಪಿದಾವ ಅವ."