ಎರಡನೇ ಸಲದ ಓದು

ವಿಶ್ವನಾಥ್ ಮತ್ತು ಅವರ ಮಗ ಶಿವಕಿರಣ್ ಬಾಗಿಲಲ್ಲಿ ಬಂದು ನಿಂತಾಗ ಇಬ್ಬರ ಬಟ್ಟೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ಮಳೆಯಿರಲಿಲ್ಲ.

“ಕೆರೆ ಹತ್ರ ಕಾಲು ಜಾರ್ತು,” ಎಂದ ಶಿವಕಿರಣ್.

ತಾಯಿ ಗಿರಿಜಾಂಬಾ ಒಳಗೆ ಹೋಗಿ ಎರಡು ಟವೆಲ್ ತಂದರು. ಆಮೇಲೆ ಬೀದಿಬಾಗಿಲಿಗೆ ಒಳಗಿನಿಂದ ಬೀಗ ಹಾಕಿದ್ದನ್ನು ಮಗಳು ಅಕ್ಷತಾ ನೋಡಿದಳು.

ಹತ್ತನೇ ತರಗತಿಯ ಹುಡುಗಿಗೆ ಅಷ್ಟು ಅರ್ಥವಾಗದೆ ಇರಲಿಲ್ಲ. ಮರುದಿನ ಸಿಇಟಿ ಫಲಿತಾಂಶ. ಫೇಲಾದ ಮಕ್ಕಳು ಜೀವ ಕಳೆದುಕೊಂಡ ಸುದ್ದಿ ಪೇಪರಿನಲ್ಲಿ ದಿನವೂ ಬರುತ್ತಿದ್ದ ಕಾಲ ಅದು. ಅಣ್ಣ ಕುಕ್ಕರಹಳ್ಳಿ ಕೆರೆಗೆ ಬಿದ್ದಿದ್ದಾನೆ, ಅಪ್ಪ ಎಳೆದು ತಂದಿದ್ದಾರೆ.

ಬೆಳಿಗ್ಗೆ ಅಪ್ಪ, ಅಮ್ಮ, ಅಣ್ಣ ಮೂವರೂ ಡಾಕ್ಟರ ಬಳಿ ಹೋಗಿಬಂದರು. ಮಧ್ಯಾಹ್ನ ಶಿವಕಿರಣ್ ಫಲಿತಾಂಶ ನೋಡಲು ಸೈಕಲ್ ಹತ್ತಿದ. ಅಂಥ ದಿನ ಅವನೊಬ್ಬನನ್ನೇ ಅಮ್ಮ ಕಳಿಸಿದ್ದು ಅಕ್ಷತಾಗೆ ಸರಿಬರಲಿಲ್ಲ. ಅವನು ಬೇಗನೆ ಹಿಂತಿರುಗಿ, ಚಪ್ಪಲಿ ಬಿಡುತ್ತಲೇ ಹೇಳಿದ: “ಎಂಜಿನಿಯರಿಂಗ್ ಸೀಟು ಸಿಗೋ ಥರ ಇಲ್ಲ. ರ್‍ಯಾಂಕು ಎಲ್ಲೋ ಹೋಯ್ತು. ಇನ್ನೊಂದ್ಸಲ ಬರೀತೀನಿ.”

ವಿಶ್ವನಾಥ್ ಆರಾಮಕುರ್ಚಿಯಿಂದ ತಲೆಯೆತ್ತಿದರು. ಬಣ್ಣದ ವಿಭಾಗದಲ್ಲಿ ಮೇಲ್ವಿಚಾರಕರಾಗಿದ್ದ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಅವರು ಹೆಚ್ಚಾಗಿ ಆ ಕುರ್ಚಿಯಲ್ಲೇ ಗೋಡೆ ನೋಡುತ್ತ ಇರುತ್ತಿದ್ದರು.

“ಒಬ್ನೇ ಓದೋಕೆ ಆಗಲ್ಲಪ್ಪ,” ಎಂದ ಮಗ. “ಏನೇನೋ ಯೋಚ್ನೆ ಬರುತ್ತೆ. ನೀವು ಜೊತೆಗೆ ಕೂತ್ಕೊಬೇಕು.”

ಅಂದು ಸಂಜೆಯೇ ವಿಶ್ವನಾಥ್ ಮಗನ ಕೋಣೆಯ ಚಿಲಕವನ್ನೇ ಕಳಚಿ ತೆಗೆದರು. ಅಗ್ರಹಾರದ ಆ ಹಳೇ ಮನೆಯಲ್ಲಿ ಒಂದೊಂದೇ ಬದಲಾಯಿತು. ಹಿತ್ತಲಿನ ಬಟ್ಟೆ ಹಗ್ಗ ಕಾಣೆಯಾಯಿತು. ಗುಲಾಬಿ ಗಿಡದ ಔಷಧಿ ಬಾಟಲಿಯನ್ನು ಗಿರಿಜಾಂಬಾ ಎಲ್ಲಿಗೋ ಸಾಗಿಸಿದರು. ಮಗಳನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: “ಆ ರೂಮಲ್ಲಿ ಒಬ್ರನ್ನೇ ಬಿಡ್ಬೇಡ ಕಣಮ್ಮ. ನಾನಿಲ್ದಾಗ ನೀನಿರ್ಬೇಕು.”

ಅಕ್ಷತಾ ತಲೆಯಾಡಿಸಿದಳು. ಅಂದಿನಿಂದ ಅಣ್ಣನ ಮೇಲೆ ಅವಳ ಒಂದು ಕಣ್ಣು.

ದಿನಚರಿಯನ್ನು ಅಪ್ಪ ಮಗ ಕೂತು ಮಾಡಿದರು. ನಸುಕಿಗೆ ಗಣಿತ. ಸ್ನಾನ, ವಿಭೂತಿ, ಪೂಜೆ ಮುಗಿದ ಮೇಲೆ ಭೌತಶಾಸ್ತ್ರ. ಊಟವಾದ ಮೇಲೆ ರಸಾಯನಶಾಸ್ತ್ರ, ಅದನ್ನು ಮಗ ಓದಿ ಹೇಳಬೇಕು, ಅಪ್ಪ ಪ್ರಶ್ನೆ ಕೇಳಬೇಕು. ಇಳಿಹೊತ್ತಿಗೆ ಇಬ್ಬರೂ ದೇವರಾಜ ಮಾರುಕಟ್ಟೆಯವರೆಗೆ ನಡೆದು ಬರಬೇಕು. ಕೆರೆಯ ಕಡೆ ಬೇಡ. ಶಿವಕಿರಣನದು ಒಂದೇ ಹಟ: ಅಪ್ಪನೇ ಎದ್ದು ತನ್ನನ್ನು ಎಬ್ಬಿಸಬೇಕು.

ಒಂದು ಬೆಳಿಗ್ಗೆ ವಿಶ್ವನಾಥ್ ಏಳಲಿಲ್ಲ. ತಲೆನೋವು ಎಂದು ಗೋಡೆಯ ಕಡೆ ಹೊರಳಿದರು. ಶಿವಕಿರಣ್ ಪುಸ್ತಕಗಳನ್ನು ತಂದು ಹಾಸಿಗೆಯ ಪಕ್ಕ ಧೊಪ್ಪನೆ ಹಾಕಿದ.

“ನೀವು ಏಳ್ದಿದ್ರೆ ನಾನೂ ಓದಲ್ಲ. ಆಮೇಲೆ ಏನಾದ್ರೂ ಆದ್ರೆ ನೋಡ್ಕೊಳ್ಳಿ.”

ಅಪ್ಪನ ಮುಖ ಬಿಳಿಚಿಕೊಂಡಿತು. ಎದ್ದು ಕೂತರು. ಹೆತ್ತ ತಂದೆಯನ್ನೇ ಹೀಗೆ ಹೆದರಿಸುವುದೇ ಎಂದು ಅಕ್ಷತಾಗೆ ಮೈ ಉರಿಯಿತು. ಅಮ್ಮ ಕೇಳಿಸದವರಂತೆ ಕಾಫಿ ಸೋಸುತ್ತಿದ್ದರು.

ನವೆಂಬರಿನಲ್ಲಿ ಒಂದು ದಿನ ಅವಳು ಶಾಲೆಯಿಂದ ಬಂದಾಗ ಬೀದಿಬಾಗಿಲು ಹಾರುಹೊಡೆದಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ತೆರೆದ ಪುಸ್ತಕದ ಹಾಳೆಗಳು ಗಾಳಿಗೆ ಮಗುಚುತ್ತಿದ್ದವು. ಅಣ್ಣನ ಚಪ್ಪಲಿ ಹೊಸ್ತಿಲ ಬಳಿಯೇ ಇದ್ದವು.

ಅವಳು ಬ್ಯಾಗು ಎಸೆದು ಓಡಿದಳು. ಅಂಗಡಿಯವರನ್ನು ಕೇಳಿದಳು. ಅಶೋಕಪುರಂ ರೈಲ್ವೆ ಗೇಟಿನ ಕಡೆ ಹೋದರು ಎಂದು ಹೂವಿನವಳು ಕೈ ತೋರಿಸಿದಳು. ಅವಳು ಆ ಕಡೆ ಓಡಿದಳು. ಅರ್ಧ ದಾರಿಯಲ್ಲಿ ಇಬ್ಬರೂ ಎದುರಾದರು. ಅಣ್ಣ ಬರಿಗಾಲಲ್ಲಿದ್ದ, ಹಿಮ್ಮಡಿಯಿಂದ ರಕ್ತ ಬರುತ್ತಿತ್ತು. ಅಪ್ಪನ ಮುಖದಲ್ಲಿ ಜೀವವಿರಲಿಲ್ಲ. ಇಬ್ಬರ ಕೈಗಳೂ ಬಿಗಿಯಾಗಿ ಹೆಣೆದುಕೊಂಡಿದ್ದವು.

“ಎಲ್ಲಿಗ್ ಹೋಗಿದ್ರಿ?”

“ಗಾಳಿಗೆ ಕಣೆ,” ಎಂದ ಶಿವಕಿರಣ್. “ನಡಿ ಮನೆಗೆ. ರಸಾಯನಶಾಸ್ತ್ರ ಬಾಕಿಯಿದೆ.”

ಮತ್ತೊಮ್ಮೆ ಅಪ್ಪ ಉಳಿಸಿಕೊಂಡರು ಎಂದುಕೊಂಡಳು ಅಕ್ಷತಾ. ಆ ರಾತ್ರಿ ಅವಳು ಅತ್ತದ್ದು ಅಪ್ಪನ ಪಾಡು ನೆನೆದು.

ಮುಂದೆ ದಿನಚರಿ ತಪ್ಪಲಿಲ್ಲ. ಬಣ್ಣಗಳ ಪಾಠ ಬಂದಾಗ ವಿಶ್ವನಾಥ್ ಗಿರಣಿಯ ಕಥೆಗಳನ್ನು ಹೇಳತೊಡಗಿದರು. ತಾವೇ ಲೆಕ್ಕ ಮಾಡಿ, ಉತ್ತರ ಬಂದರೆ ಹೆಂಡತಿಯನ್ನು ಕೂಗಿ ತೋರಿಸಿದರು. ಶಿವರಾತ್ರಿಯ ಹೊತ್ತಿಗೆ ಅವರ ಗೊರಕೆ ಮತ್ತೆ ನಡುಮನೆಯವರೆಗೆ ಕೇಳಿಸುತ್ತಿತ್ತು.

ಈ ಸಲದ ಫಲಿತಾಂಶ ನೋಡಲು ಅಪ್ಪ ಮಗ ಜೊತೆಯಾಗಿ ಹೋದರು. ಸೀಟು ಮೈಸೂರಿನಲ್ಲೇ ಸಿಕ್ಕಿತು. ಕಾಲೇಜಿಗೆ ಸೇರಿಸಲು ಮನೆಯವರೆಲ್ಲ ಹೊರಟರು.

ಅಲ್ಲಿ ಮೆಟ್ಟಿಲ ಬಳಿ ಶಿವಪ್ರಕಾಶ್ ಸಿಕ್ಕಿದ. ಪಿಯುಸಿಯಲ್ಲಿ ಶಿವಕಿರಣನ ಜೊತೆ ಓದಿದವನು, ಈಗ ಅವನಿಗಿಂತ ಒಂದು ವರ್ಷ ಮುಂದೆ.

“ಈಗ್ ಬಂದ್ಯೇನೋ ಮಹರಾಯ?” ಎಂದು ಬೆನ್ನಿಗೆ ಗುದ್ದಿ, ಅಕ್ಷತಾಳ ಕಡೆ ತಿರುಗಿದ. “ಹೋದ್ವರ್ಷ ನಿಮ್ಮಣ್ಣನ ರ್‍ಯಾಂಕು ನನಗಿಂತ ಎಷ್ಟೋ ಮುಂದಿತ್ತು ಕಣಮ್ಮ. ಕೌನ್ಸೆಲಿಂಗಿಗೇ ಬರ್ಲಿಲ್ಲ. ಯಾಕೆ ಅಂತ ಇವತ್ತಿಗೂ ಹೇಳಿಲ್ಲ ಇವ್ನು.”

ಗಂಟೆ ಬಾರಿಸಿತು. ಶಿವಪ್ರಕಾಶ್ ಓಡಿದ. ಅಕ್ಷತಾ ಅಣ್ಣನ ತೋಳು ಹಿಡಿದು ಕಂಬದ ಮರೆಗೆ ಎಳೆದಳು.

“ಸೀಟು ಸಿಗಲ್ಲ ಅಂತ ಯಾಕೆ ಸುಳ್ಳು ಹೇಳ್ದೆ? ಒಂದು ವರ್ಷ ಪೂರ್ತಿ ಎಲ್ರನ್ನೂ ಸಾಯಿಸಿದ್ಯಲ್ಲೋ.”

ಶಿವಕಿರಣ್ ಆಚೆ ನೋಡಿದ. ಕೌಂಟರಿನ ಮುಂದೆ ವಿಶ್ವನಾಥ್ ಗುಮಾಸ್ತನ ಜೊತೆ ಗಟ್ಟಿದನಿಯಲ್ಲಿ ವಾದ ಮಾಡುತ್ತಿದ್ದರು. ಪಕ್ಕದಲ್ಲಿ ಗಿರಿಜಾಂಬಾ ನಗುತ್ತಿದ್ದರು.

“ಬೆಳಿಗ್ಗೆ ಏಳೋಕೆ ಅಪ್ಪಂಗೆ ಏನಾದ್ರೂ ಒಂದು ಕೆಲಸ ಇರ್ಬೇಕು, ಇಲ್ದಿದ್ರೆ ಇನ್ನೊಂದ್ಸಲ ಅವ್ರನ್ನ ಉಳಿಸ್ಕೊಳ್ಳೋಕೆ ಆಗಲ್ಲ ಅಂದ್ರು ಡಾಕ್ಟ್ರು,” ಎಂದ ಅವನು. “ಅದಕ್ಕೇ ನಾನು ಫೇಲಾದೆ.”