ಶಕೀಲಾ ಬರೆದ ವಾಕ್ಯ

ಒಗ್ಗರಣೆಯಲ್ಲಿ ಜೀರಿಗೆ ಸಿಡಿದ ವಾಸನೆ ಬಂದರೆ ಈಗಲೂ ಗಜೇಂದ್ರಗಡದ ಶಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಇಂಗ್ಲಿಷ್ ಮಾಸ್ತರರು ಹಲಗೆಯ ಮೇಲೆ ‘ಜೀರ್’ ಎಂದು ಬರೆದು ಅರ್ಥ ಕೇಳಿದರು. ನನ್ನ ಮುಂದೆ ಕೂತಿದ್ದ ಗೆಳತಿ ಶಕೀಲಾ, ಕಿರಾಣಿ ಅಂಗಡಿಯವರ ಮಗಳು, ಎದ್ದು ನಿಂತು “ಜೀರಗಿ ರೀ ಸರ್” ಎಂದಳು. ತರಗತಿಯೆಲ್ಲ ಬೆಂಚು ಬಡಿದು ನಕ್ಕಿತು. ಅವಳ ಬೆನ್ನ ಹಿಂದೆ ನಾನೂ ಬಾಯಿಗೆ ಕೈ ಒತ್ತಿಕೊಂಡು ನಕ್ಕೆ.

ಮಾಸ್ತರರು ನಗಲಿಲ್ಲ. “ಈಗ ಆಕಿನ್ನ ನೋಡಿ ನಕ್ಕಿರಲ್ಲಾ, ಅದಕ್ಕ ಜೀರ್ ಅಂತಾರ. ಮಂದೀನ್ನ ಸಣ್ಣ ಮಾಡಿ ನಗೂದು. ಆ ಶಬ್ದ ಹಾಕಿ ಒಂದೊಂದು ವಾಕ್ಯ ಬರೀರಿ” ಎಂದರು.

ಶಕೀಲಾ ಬರೆದದ್ದನ್ನು ಅವರೇ ಓದಿ ಕನ್ನಡದಲ್ಲಿ ಹೇಳಿದರು: “ಎಲ್ಲಾರೂ ನನ್ನ ನೋಡಿ ನಕ್ರು, ನನ್ನ ಗೆಳತಿ ಒಬ್ಬಾಕಿ ನಗಲಿಲ್ಲ.”

ಅವಳು ತಿರುಗಿ ನನ್ನನ್ನು ನೋಡಿದಳು. ಕಣ್ಣುಗಳು ಇನ್ನೂ ತೇವವಾಗಿದ್ದವು. ನಾನು ಪಾಟಿಚೀಲದೊಳಗೆ ಕೈಹಾಕಿ ಏನನ್ನೋ ಹುಡುಕತೊಡಗಿದೆ.